ಪಗ್ವಾಯ್ ಮೇಷ್ಟ್ರು ಪ್ರವಾಸ ಹೊರಟದ್ದು

ಎಲ್ಲ ಫಜೀತಿಗೂ ಮೂಲ ಒಂದು ನೀಲಿ ಬೆಡ್‌ಶೀಟು. ಎಲಿಸೆಯೊ ಪಗ್ವಾಯ್ ಮೇಷ್ಟ್ರು ಅದನ್ನು ಅಡುಗೆಮನೆಯ ಕಿಟಕಿಗೆ ಅಡ್ಡವಾಗಿ ಮೊಳೆ ಹೊಡೆದು ತೂಗುಹಾಕಿದ್ದರು. ನೋಡಿದವರಿಗೆ ಅದು ಸಮುದ್ರದಂತೆ ಕಾಣಬೇಕು ಎಂಬುದು ಅವರ ಆಸೆ.

"ಒಗೆದು ಒಣಹಾಕಿದ ಬೆಡ್‌ಶೀಟಿನ ಹಾಗೇ ಕಾಣ್ತಿದೆ" ಎಂದಳು ಹೆಂಡತಿ ಮತಿಲ್ದೆ.

"ಸ್ವಲ್ಪ ದೂರ ನಿಂತು ನೋಡೇ."

ಮತಿಲ್ದೆ ಬಾಗಿಲವರೆಗೆ ಹೋಗಿ ತಿರುಗಿ ನೋಡಿದಳು. "ಈಗ ದೂರದಲ್ಲಿ ಒಣಹಾಕಿದ ಬೆಡ್‌ಶೀಟಿನ ಹಾಗೆ ಕಾಣ್ತಿದೆ ಕಣ್ರೀ."

ಮೇಷ್ಟ್ರು ಚಿಲ್ಕಪಂಬಾದ ಶಾಲೆಯಲ್ಲಿ ನಿವೃತ್ತಿಯವರೆಗೂ ಭೂಗೋಳ ಪಾಠ ಮಾಡಿದವರು. ಕೋಲಿನ ತುದಿಯಿಂದ ನಕ್ಷೆಯ ಮೇಲೆ ಸಮುದ್ರವನ್ನು ಎಷ್ಟು ಸಲ ಮುಟ್ಟಿದ್ದರೆಂದರೆ, ಅಲ್ಲಿ ನೀಲಿ ಬಣ್ಣ ಸವೆದು ಬಿಳಿ ಕಾಗದ ಕಾಣುತ್ತಿತ್ತು. ನಿಜವಾದ ಸಮುದ್ರವನ್ನು ಮಾತ್ರ ಅವರು ಕಂಡಿರಲಿಲ್ಲ. ಬೆಟ್ಟ ಇಳಿದು ಬಸ್ಸಿನಲ್ಲಿ ಒಂದು ದಿನದ ದಾರಿ, ಅಷ್ಟೇ. ಆದರೆ ಹೊರಟಾಗಲೆಲ್ಲ ಏನಾದರೊಂದು ಅಡ್ಡ ಬರುತ್ತಿತ್ತು. ಒಮ್ಮೆ ಗುಡ್ಡ ಕುಸಿಯಿತು, ಒಮ್ಮೆ ಹಸು ಕರು ಹಾಕಿತು, ಒಮ್ಮೆ ಬಸ್ಸೇ ಮುಷ್ಕರ ಹೂಡಿತು.

ಈಗ ದಾರಿ ತಾನಾಗಿಯೇ ತೆರೆದಿತ್ತು. ರಾಜಧಾನಿ ಕೀತೊದ ಒಂದು ಸಂಸ್ಥೆ ಪ್ರತಿ ಶನಿವಾರ ಎಕ್ವಡಾರ್ ದೇಶದ ಶಾಲೆಗಳ ಮಕ್ಕಳಿಗೆಲ್ಲ ಆನ್‌ಲೈನ್ ಉಪನ್ಯಾಸ ನಡೆಸುತ್ತಿತ್ತು. ಒಂದು ವಾರ ಗುಂಡಿ ಹೊಲಿಯುವುದು, ಒಂದು ವಾರ ಬಸ್ಸಿನಲ್ಲಿ ಅಪರಿಚಿತರ ಜೊತೆ ಮಾತಾಡುವುದು, ಒಂದು ವಾರ ಯಾವುದೋ ಊರಿನ ಕುಣಿತ. ವರ್ಷದ ಕೊನೆಯ ಸುತ್ತು ಪ್ರವಾಸದ ಮೇಲೆ, ಅದರಲ್ಲಿ ಮಾತಾಡಲು ಮೇಷ್ಟ್ರಿಗೂ ಕರೆ ಬಂದಿತ್ತು. ಮಕ್ಕಳು ಮೆಚ್ಚಿದ ಉಪನ್ಯಾಸಕರಿಗೆ ಮೂರು ದಿನದ ಪ್ರವಾಸವೇ ಬಹುಮಾನ. ಯಾವ ಊರಿಗೆ ಎಂದು ಮಕ್ಕಳೇ ಹೇಳುತ್ತಾರೆ, ಗೆದ್ದವರು ಹೋಗಿ ಅವರ ಪರವಾಗಿ ನೋಡಿ, ಫೋನಿನಲ್ಲಿ ತೋರಿಸಬೇಕು. ಹೋದ ವರ್ಷ ಗೆದ್ದವರನ್ನು ಮಕ್ಕಳು ಸಮುದ್ರಕ್ಕೆ ಕಳಿಸಿದ್ದರು. ಈ ವರ್ಷವೂ ಸಮುದ್ರ ಬಿಟ್ಟು ಬೇರೇನೂ ಅವರಿಗೆ ತೋಚದ ಹಾಗೆ ಮಾತಾಡಿಬಿಡಬೇಕು ಎಂದು ಮೇಷ್ಟ್ರು ಪಣ ತೊಟ್ಟಿದ್ದರು.

ಬೀದಿಯವರೆಲ್ಲ ಕೈಜೋಡಿಸಿದರು. ಎದುರುಮನೆಯ ಸೊಯ್ಲಾ ಊರಿನ ಏಕೈಕ ಲಾಡ್ಜಿನ ಒಡತಿ. ಮತಿಲ್ದೆಯ ಮಗಳಿಗೆ ಧರ್ಮತಾಯಿಯಾದ್ದರಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುವರು. ನೀಲಿ ಬೆಡ್‌ಶೀಟು ಅವಳದೇ, ಇಂಟರ್ನೆಟ್ಟೂ ಅವಳದೇ. ಅದು ಬೀದಿ ದಾಟಿ ಬಂದು ಸರಿಯಾಗಿ ಮೇಷ್ಟ್ರ ಅಡುಗೆಮನೆಯವರೆಗೆ ಮಾತ್ರ ತಲುಪುತ್ತಿತ್ತು. ಪಕ್ಕದ ಕ್ಷೌರದಂಗಡಿಯ ಫೌಸ್ತೊ ತನ್ನ ರೇಡಿಯೊ ಆರಿಸಿ, ಬಾಯಿಗೆ ಮಾತ್ರ ಬಿಡುವು ಕೊಡದೆ ಬಂದು ನಿಂತಿದ್ದ. ಸೈನ್ಯದಲ್ಲಿದ್ದಾಗ ಬಂದರಿನಲ್ಲಿ ಕೆಲಸ ಮಾಡಿದ್ದ ಅವನು ಊರಿಗೆ ಸಮುದ್ರದ ಪಂಡಿತ.

"ವಾಸನೆ ಬಗ್ಗೆ ಹೇಳಿ ಮೇಷ್ಟ್ರೇ. ವಾಸನೆ ಹೇಳದಿದ್ರೆ ನೀವು ನೋಡಿಲ್ಲ ಅಂತ ಗೊತ್ತಾಗ್ಬಿಡುತ್ತೆ."

"ಎಂಥಾ ವಾಸನೆ ಮಾರಾಯ?"

"ಮೀನು, ಡೀಸೆಲ್ಲು, ಆಮೇಲೆ…" ಫೌಸ್ತೊ ಕಣ್ಣು ಮುಚ್ಚಿಕೊಂಡ. "ಆಮೇಲೆ ಸಮುದ್ರ."

"ಇವನು ಅಲ್ಲಿ ಆಲೂಗಡ್ಡೆ ಸುಲೀತಿದ್ದ. ಅಡುಗೆಮನೆಗೆ ಒಂದು ಕಿಟಕಿ ಇತ್ತಂತೆ, ಅಷ್ಟೆ" ಎಂದಳು ಮತಿಲ್ದೆ.

ಸಕ್ಕರೆ ಡಬ್ಬಿಗೆ ಒರಗಿಸಿದ್ದ ಫೋನು ಬೆಳಗಿತು. ನಿರೂಪಕಿ ಪಮೇಲಾ ನಗುನಗುತ್ತ ಸ್ವಾಗತಿಸಿದಳು. ಅವಳ ಸುತ್ತ ಒಂದೊಂದಾಗಿ ಪುಟ್ಟ ಕಿಟಕಿಗಳು ತೆರೆದುಕೊಂಡವು. ಪ್ರತಿ ಕಿಟಕಿಯಲ್ಲೂ ಒಂದು ತರಗತಿ. ಕಾಡಿನ ಶಾಲೆ, ದ್ವೀಪದ ಶಾಲೆ, ಫ್ಯಾನು ತಿರುಗುವ ಶಾಲೆ, ಸ್ವೆಟರು ಹಾಕಿದ ಶಾಲೆ. ಇಡೀ ದೇಶದ ಮಕ್ಕಳು ಈ ಸಕ್ಕರೆ ಡಬ್ಬಿಯ ಮುಂದೆ ಬಂದು ಕೈಕಟ್ಟಿ ಕೂತಿರುವುದನ್ನು ಕಂಡು ಮೇಷ್ಟ್ರು ಟೋಪಿ ಸರಿಮಾಡಿಕೊಂಡರು. ಮತಿಲ್ದೆ ಮೆಲ್ಲಗೆ ಒಂದು ಲೋಟ ಬಿಸಿನೀರನ್ನು ಅವರ ಕೈಗೆಟುಕುವಲ್ಲಿ ಇಟ್ಟು ಸರಿದಳು.

"ಮಕ್ಕಳೇ, ಸಮುದ್ರ ಅಂದ್ರೆ…" ಮೇಷ್ಟ್ರು ಶುರುಮಾಡಿದರು. ಅಲೆ ಬಂತು, ತಿಮಿಂಗಿಲ ಬಂತು, ದೀಪಸ್ತಂಭ ಬಂತು, ವಾಸನೆಯೂ ಬಂತು. ಸ್ವೆಟರಿನ ಮಕ್ಕಳು ಬಾಯಿ ತೆರೆದು ಕೇಳಿದರು. ಫ್ಯಾನಿನ ಮಕ್ಕಳು ಬಾಯಿ ತೆರೆದದ್ದು ಆಕಳಿಸಲು.

ಅವರಲ್ಲಿ ಎರಡು ಜಡೆಯ ಒಬ್ಬ ಹುಡುಗಿ ಕೈ ಎತ್ತಿದಳು. ಹೆಸರು ಯುಲೆಸಿ. "ಸಾರ್, ಸಮುದ್ರ ನಮ್ಮ ಶಾಲೆ ಹಿಂದೇನೇ ಇದೆ. ಚೆಂಡು ಬಿದ್ರೆ ತಗೊಂಡು ಬರೋಕೆ ದಿನಾ ಹೋಗ್ತೀವಿ. ನಿಮ್ಮ ಸಮುದ್ರದ ಕೆಳಗೆ ಏನೋ ಓಡಾಡ್ತಿದೆಯಲ್ಲ, ಅದೇನು ಸಾರ್?"

ಮೇಷ್ಟ್ರು ಹೊರಳಿ ನೋಡಿದರು. ಬೆಡ್‌ಶೀಟಿನ ಅಂಚಿನಿಂದ ಮೂರು ಮೂತಿಗಳು ಇಣುಕುತ್ತಿದ್ದವು. ಊರಿನ ಎಲ್ಲ ಅಡುಗೆಮನೆಗಳಂತೆ ಅಲ್ಲೂ ಒಲೆಯ ಕಾವಿಗೆ ಗಿನಿ ಇಲಿಗಳು ಸಂಸಾರ ಹೂಡಿದ್ದವು.

"ಅದೇನಿಲ್ಲಮ್ಮ, ಮನೆಯ ಇಲಿ. ಈಗ ಅಲೆಗಳ ವಿಷಯ…"

"ಅಡುಗೆಮನೇಲಿ ಸಾಕ್ತೀರಾ ಸಾರ್? ಅವಕ್ಕೆ ಹೆಸರಿದೆಯಾ?"

ಅಷ್ಟರಲ್ಲಿ ಬಾಗಿಲಿನಿಂದ ಸೊಯ್ಲಾ ಬಂದಳು. ಮಕ್ಕಳಿಗೆ ಕಾಣಬಾರದೆಂದು ಪಾಪ ನೆಲದ ಮೇಲೆ ಮೊಣಕಾಲೂರಿ, ಲಂಗ ಎತ್ತಿ ಹಿಡಿದು, ಮಗುವಿನ ಹಾಗೆ ಅಂಬೆಗಾಲಿಡುತ್ತ ಬಂದಳು. ಮೇಜಿನ ಕೆಳಗಿನಿಂದ ಮೇಷ್ಟ್ರ ಪ್ಯಾಂಟು ಜಗ್ಗಿ ಪಿಸುಗುಟ್ಟಿದಳು.

"ಮೇಷ್ಟ್ರೇ, ಲಾಡ್ಜಿಗೆ ಗಿರಾಕಿ ಬಂದಿದಾನೆ. ಹಾಸೋಕೆ ಬೇರೆ ಶೀಟಿಲ್ಲ, ಎಲ್ಲಾ ಒಗೆಯೋಕೆ ಹಾಕಿದೀನಿ."

"ಈಗ ಬೇಡ ಸೊಯ್ಲಾ," ಮೇಷ್ಟ್ರು ತುಟಿ ಅಲುಗಿಸದೆ ಅಂದರು. "ಅವನಿಗೆ ಸ್ವಲ್ಪ ಕೂತ್ಕೊಳ್ಳೋಕೆ ಹೇಳು."

"ರಾತ್ರಿಯೆಲ್ಲ ಪ್ರಯಾಣ ಮಾಡಿ ನಿಂತಲ್ಲೇ ತೂಕಡಿಸ್ತಿದಾನೆ ಕಣ್ರೀ. ಮೆತ್ತಗೆ ತೆಗೀತೀನಿ. ಗೊತ್ತಾಗೋದೇ ಇಲ್ಲ."

ಅವಳು ಮೆತ್ತಗೇ ಎಳೆದಳು. ಒಂದು ಮೊಳೆ ಕಳಚಿತು, ಅದರ ಹಿಂದೆ ಉಳಿದವೂ ಹಟಕ್ಕೆ ಬಿದ್ದಂತೆ ಕಿತ್ತುಬಂದವು. ಪೆಸಿಫಿಕ್ ಸಾಗರ ಪೂರ್ತಿಯಾಗಿ ಸೊಯ್ಲಾಳ ತಲೆಯ ಮೇಲೆ ಬಿತ್ತು. ಒಳಗಿನಿಂದ "ಕ್ಷಮಿಸಿ ಮಕ್ಕಳೇ" ಎಂಬ ದನಿ ಕೇಳಿಸಿತು. ಆಮೇಲೆ ಸಾಗರ ಎದ್ದು, ಬಾಗಿಲು ತಡಕಾಡಿಕೊಂಡು ಹೊರಗೆ ನಡೆಯಿತು.

ಮಕ್ಕಳು ನಗಲಿಲ್ಲ. ಅವರು ಕಿಟಕಿ ನೋಡುತ್ತಿದ್ದರು.

ಕಿಟಕಿಯಾಚೆ ಹಸಿರು, ಕಂದು, ಹಳದಿ ತುಂಡುಗಳನ್ನು ಸೇರಿಸಿ ಹೊಲಿದಂತೆ ಹೊಲಗಳು ಆಕಾಶದವರೆಗೆ ಹತ್ತಿದ್ದವು. ಆಲೂಗಡ್ಡೆ ಅಗೆಯುವ ಹೆಂಗಸರ ಕೆಂಪು ಶಾಲುಗಳು ಅಲ್ಲಲ್ಲಿ ಬಗ್ಗಿ ಏಳುತ್ತಿದ್ದವು. ದಾರಿಯಲ್ಲಿ ಒಂದು ಕತ್ತೆ ಬೆನ್ನ ತುಂಬ ಹುಲ್ಲಿನ ಕಟ್ಟು ಹೊತ್ತು ಬರುತ್ತಿತ್ತು, ಹುಲ್ಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಆ ಹುಲ್ಲು ಯಾಕೆ ಅಳ್ತಿದೆ ಸಾರ್?" ಯುಲೆಸಿ ಕೇಳಿದಳು.

ಮೇಷ್ಟ್ರು ಉತ್ತರಿಸುವ ಮೊದಲೇ ಫೌಸ್ತೊ ಶಂಖವೊಂದನ್ನು ಹಿಡಿದು ಓಡಿಬಂದ. ಸಮುದ್ರವನ್ನು ಉಳಿಸಲು ಅಂಗಡಿಯಿಂದ ತಂದಿದ್ದ. ಆದರೆ ಮಗು ಏನಾದರೂ ಕೇಳಿದರೆ ಸುಮ್ಮನಿರುವ ಜಾತಿಯವನಲ್ಲ. "ಒಳಗೆ ಐಸಿದೆ ಪುಟ್ಟಿ. ಮೇಲೆ ಪರ್ವತದಿಂದ ಕಡಿದು ತರೋದು. ಕರಗಬಾರದು ಅಂತ ಹುಲ್ಲು ಸುತ್ತೋದು. ಸಂತೇಲಿ ಅದನ್ನ ತುರಿದು ಹಣ್ಣಿನ ರಸಕ್ಕೆ ಹಾಕ್ತಾರೆ."

"ಐಸು ಬೆಟ್ಟದಲ್ಲಿ ಸಿಗುತ್ತಾ?" ಫ್ಯಾನಿನ ತರಗತಿಯಲ್ಲಿ ಬೆಂಚುಗಳು ಸದ್ದು ಮಾಡಿದವು. ಮಕ್ಕಳೆಲ್ಲ ಎದ್ದು ಪರದೆಯ ಹತ್ತಿರ ಬಂದರು. ಕಿಟಕಿ ತುಂಬ ಹುಬ್ಬುಗಳೇ ಕಂಡವು.

"ಫೌಸ್ತೊ, ಶಂಖ," ಮೇಷ್ಟ್ರು ಹಲ್ಲು ಕಚ್ಚಿ ನೆನಪಿಸಿದರು.

ಫೌಸ್ತೊ ಶಂಖವನ್ನು ಫೋನಿಗೆ ಹಿಡಿದ. "ಕೇಳಿಸ್ತಾ? ಇದೇ ಸಮುದ್ರ."

"ನಮ್ಗೆ ಇಲ್ಲೇ ಕೇಳಿಸ್ತಿದೆ ಮಾಮಾ" ಎಂದಳು ಯುಲೆಸಿ, ಅವನಿಗೆ ಬೇಸರವಾಗದ ಹಾಗೆ. "ಆದ್ರೆ ನಿಮ್ಮದೂ ಚೆನ್ನಾಗಿದೆ."

ಮೇಷ್ಟ್ರು ಬೆವರೊರೆಸಿಕೊಂಡರು. ಇನ್ನೂ ಸಮಯವಿತ್ತು. ದೀಪಸ್ತಂಭದ ಬಗ್ಗೆ ಕೊನೆಯ ಮಾತೊಂದನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದರು. ಅದನ್ನು ಹೇಳಿಬಿಟ್ಟರೆ ಕಲ್ಲೂ ಸಮುದ್ರಕ್ಕೆ ಹೊರಡಬೇಕು. ಅವರು ಎದೆಯುಬ್ಬಿಸಿ ಬಾಯಿ ತೆರೆದರು.

ಆಗ ಹೊರಗೆ ಯಾರೋ ಕೂಗಿದರು. "ತಾಯ್ತಾ ಹೊರಗೆ ಬಂದ."

ಚಿಂಬೊರಾಸೊ ಈ ಊರಿಗೆ ಬರೀ ಪರ್ವತವಲ್ಲ, ತಾಯ್ತಾ, ಅಪ್ಪ. ವಾರಗಟ್ಟಲೆ ಮೋಡ ಹೊದ್ದು ಮಲಗಿರುತ್ತಾನೆ. ಅವನು ಮುಖ ತೋರಿದಾಗ ಊರಿನಲ್ಲಿ ಯಾರೂ ಕೂತಿರುವುದಿಲ್ಲ, ಯಾರೂ ಟೋಪಿ ಹಾಕಿರುವುದಿಲ್ಲ, ಯಾರೂ ಮಾತಾಡುವುದಿಲ್ಲ. ಅರ್ಧ ಕ್ಷೌರವಾದವನೂ ಎದ್ದು ಹೊರಗೆ ಬರುತ್ತಾನೆ. ಎಳೆಯ ವಯಸ್ಸಿನಿಂದ ಬಂದದ್ದು, ಮೈ ತಾನಾಗಿಯೇ ಏಳುತ್ತದೆ.

ಮೇಷ್ಟ್ರ ಮೈಯೂ ಎದ್ದಿತು. ಬೇಡವೆಂದು ಮನಸ್ಸು ಮೇಜಿಗೆ ಅಂಟಿಕೊಂಡರೂ ಕಾಲು ಕೇಳಲಿಲ್ಲ. ಟೋಪಿ ತೆಗೆದು ಎದೆಗೊತ್ತಿಕೊಂಡು, ಇಡೀ ದೇಶದ ಮಕ್ಕಳಿಗೆ ಬೆನ್ನು ಮಾಡಿ, ಕಿಟಕಿಯ ಕಡೆ ತಿರುಗಿ ನಿಂತರು. ಪಕ್ಕದಲ್ಲಿ ಫೌಸ್ತೊ, ಈಚೆ ಮತಿಲ್ದೆ. ಹೊಲದ ಹೆಂಗಸರು ಬಗ್ಗಿದ್ದವರು ನೆಟ್ಟಗಾದರು. ಎದುರಿನ ಲಾಡ್ಜಿನ ಮೆಟ್ಟಿಲ ಮೇಲೆ ನೀಲಿ ಶೀಟು ಅಪ್ಪಿಕೊಂಡ ಸೊಯ್ಲಾ, ಅವಳ ಪಕ್ಕ ಏನೂ ಅರ್ಥವಾಗದಿದ್ದರೂ ಟೋಪಿ ತೆಗೆದ ತೂಕಡಿಕೆಯ ಗಿರಾಕಿ.

ಮೋಡ ಸರಿಯುತ್ತ ಹೋಯಿತು. ಇಷ್ಟೇ ಎತ್ತರ ಎಂದುಕೊಂಡ ಕಡೆ ಇನ್ನೂ ಮೇಲೆ ಬಂಡೆ ಕಂಡಿತು. ಅದರ ಮೇಲೆ ಹಿಮ, ಹಿಮದ ಮೇಲೆ ಬೆಳಕು. ಇನ್ನು ಆಕಾಶವೇ ಎಂದುಕೊಂಡ ಜಾಗದಲ್ಲೂ ಅವನೇ ಇದ್ದ. ಎಷ್ಟು ಸಲ ನೋಡಿದರೂ ಅವನು ಅಷ್ಟು ದೊಡ್ಡವನೆಂಬುದು ಜನರಿಗೆ ಮರೆತೇಹೋಗಿರುತ್ತದೆ.

ಫೋನಿನಿಂದ ಒಂದು ಸದ್ದೂ ಬರಲಿಲ್ಲ. ಮೋಡ ಮತ್ತೆ ಮುಚ್ಚಿದ ಮೇಲೆ ಮೇಷ್ಟ್ರು ಗಾಬರಿಯಿಂದ ತಿರುಗಿದರು. ಪುಟ್ಟ ಕಿಟಕಿಗಳಲ್ಲೆಲ್ಲ ಮಕ್ಕಳು ನಿಂತಿದ್ದರು. ಯುಲೆಸಿ ತಲೆಯ ರಿಬ್ಬನ್ನು ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ಅವಳಿಗೆ ತೆಗೆಯಲು ಟೋಪಿ ಇರಲಿಲ್ಲ.

ಪಮೇಲಾ ಕಣ್ಣೊರೆಸಿಕೊಂಡು, ಬಹುಮಾನ ಮೇಷ್ಟ್ರಿಗೇ ಎಂದು ಮಕ್ಕಳೆಲ್ಲ ಕೈ ಎತ್ತಿರುವುದಾಗಿ ಹೇಳಿದಳು. ಊರು ಯಾವುದೆಂದು ಅವರು ಚರ್ಚಿಸುತ್ತಿದ್ದಾರೆ, ಸಂಜೆ ಫೋನ್ ಮಾಡುತ್ತೇನೆ ಎಂದಳು.

ಮಧ್ಯಾಹ್ನವೆಲ್ಲ ಬೀದಿ ಮೇಷ್ಟ್ರನ್ನು ಸಮುದ್ರಕ್ಕೆ ಸಿದ್ಧಗೊಳಿಸಿತು. ಫೌಸ್ತೊ ಕಾಸು ತಗೊಳ್ಳದೆ ಕ್ಷೌರ ಮಾಡಿದ. ಸೊಯ್ಲಾ ಯಾರೋ ಗಿರಾಕಿ ಬಿಟ್ಟುಹೋಗಿದ್ದ ಈಜುಚಡ್ಡಿ ತಂದಳು, ಅದರ ತುಂಬ ಗಿಳಿಗಳು.

"ಇದು ನಾನು ಹಾಕ್ಕೊಳ್ಳಲ್ಲ" ಎಂದರು ಮೇಷ್ಟ್ರು, ಹಾಗೆಂದು ಕೈಯಿಂದ ಬಿಡಲೂ ಇಲ್ಲ.

ಸಂಜೆ ಫೋನು ಬಂತು. ಎಲ್ಲರೂ ಸುತ್ತ ನಿಂತರು.

"ಮಕ್ಕಳು ಒಂದೇ ಮಾತು ಹೇಳಿದಾರೆ ಸರ್" ಎಂದಳು ಪಮೇಲಾ. "ಗೆದ್ದವರು ಚಿಲ್ಕಪಂಬಾಕ್ಕೆ ಹೋಗಿ, ಮೂರು ದಿನ ಅಲ್ಲಿದ್ದು, ಪ್ರತಿಯೊಂದನ್ನೂ ನಮಗೆ ತೋರಿಸಬೇಕು ಅಂತ."

ಮೇಷ್ಟ್ರು ಗಿಳಿಚಡ್ಡಿಯನ್ನು ಮೇಜಿನ ಮೇಲಿಟ್ಟರು. "ಆದ್ರೆ ಮೇಡಂ, ನಾನಿರೋದೇ ಚಿಲ್ಕಪಂಬಾದಲ್ಲಿ."

"ನಮ್ಮ ಆಫೀಸಲ್ಲೂ ಅದೇ ಖುಷಿ ಸರ್. ವಯಸ್ಸಾದವರು, ಬಸ್ಸಲ್ಲಿ ಅಲೆಯೋದು ತಪ್ಪಿತಲ್ಲ. ಆ ಪುಟ್ಟಿ ಯುಲೆಸಿ ತನ್ನ ಅಜ್ಜೀನೂ ಕರ್ಕೊಂಡು ಬಂದು ನೋಡ್ತಾಳಂತೆ. ಲಾಡ್ಜಲ್ಲಿ ರೂಮು ಹೇಳಿಬಿಟ್ಟಿದೀವಿ."

"ಬೆಳಿಗ್ಗೆ ಬಂದಿದ್ದ ಗಿರಾಕಿ ಅಷ್ಟೊತ್ತಿಗೆ ಖಾಲಿ ಮಾಡಿರ್ತಾನೆ ಕೊಮಾದ್ರೆ" ಎಂದು ಸೊಯ್ಲಾ ಮತಿಲ್ದೆಗೆ ಸಮಾಧಾನ ಹೇಳಿದಳು.

ಅಜ್ಜಿಯ ಮಾತು ಬಂದ ಮೇಲೆ ಮೇಷ್ಟ್ರು ಆಗಲಿ ಎಂದರು.

ಮುಂದಿನ ಶನಿವಾರ ಅವರು ಪೆಟ್ಟಿಗೆ ಹಿಡಿದು ಬೀದಿ ದಾಟಿದರು. ದೂರ ಹೊರಟವರನ್ನು ಕಳಿಸಿಕೊಡುವ ಹಾಗೆಯೇ ಬೀದಿ ಕಳಿಸಿಕೊಟ್ಟಿತು. ಎಲ್ಲರೂ ಸರದಿಯಲ್ಲಿ ಅಪ್ಪಿಕೊಂಡರು. ಹೊಲದ ಹೆಂಗಸರು ದಾರಿಗೆಂದು ಹುರಿದ ಜೋಳ ಕಟ್ಟಿಕೊಟ್ಟರು. ಮತಿಲ್ದೆ ಬಾಗಿಲಲ್ಲಿ ನಿಂತು, "ತಲುಪಿದ ತಕ್ಷಣ ಫೋನ್ ಮಾಡಿ" ಎಂದಳು, ಅವಳ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

ಲಾಡ್ಜಿನ ಮಹಡಿಯ ಕಿಟಕಿ ತೆರೆದು ಮೇಷ್ಟ್ರು ತಮ್ಮ ಮನೆಯನ್ನೇ ನೋಡುತ್ತ ನಿಂತರು. ಛಾವಣಿಯ ಮೇಲೆ ಹುಲ್ಲು ಬೆಳೆದಿದ್ದುದು, ಅದರಲ್ಲಿ ಹಳದಿ ಹೂವಿದ್ದುದು ಇಲ್ಲಿಯವರೆಗೆ ಅವರಿಗೆ ಗೊತ್ತೇ ಇರಲಿಲ್ಲ.

ಕೆಳಗಿನಿಂದ ಫೌಸ್ತೊ ಕೂಗಿದ. "ಮೇಷ್ಟ್ರೇ, ಹೇಗಿದೆ ಊರು?"

"ತಾಳಯ್ಯ, ಈಗ ತಾನೇ ಬಂದಿಳಿದಿದೀನಿ" ಎಂದರು ಮೇಷ್ಟ್ರು. "ಇನ್ನೂ ನೋಡ್ಬೇಕು."