ಬೀಗರ ಊಟಕ್ಕ ನಾ ಮಾಡಿದ ಡಿಸೈನು

ಸರ್ವಿಸ್ ಡಿಸೈನ್ ಅಂದ್ರ ಏನಂತ ನನ್ನ ಹೆಂಡ್ತಿ ಶೈಲಾಗ ನಾ ಮೂರು ಸಲ ತಿಳಿಸಿ ಹೇಳೇನಿ. "ನೋಡ, ಗಿರಾಕಿ ಬಾಗಲಾಗ ಕಾಲಿಟ್ಟಾಗಿಂದ ಹೊರಗ ಹೋಗೂತನಕ ಅಂವಗ ಎಲ್ಲೂ ತ್ರಾಸ ಆಗಬಾರದು. ಅದನ್ನ ಮದಲ ಕುಂತು ವಿಚಾರ ಮಾಡೂದ ಈ ವಿದ್ಯಾ." ಆಕಿ ಮೂರೂ ಸಲ ಒಂದ ಮಾತು ಅಂದ್ಲು: "ಮದಲ ನೀವು ಉಂಡ ತಾಟು ಎತ್ತಿಡ್ರಿ."

ಇಂಥಾದ್ದಕ್ಕೆಲ್ಲ ಎದಿಗುಂದೂ ಮನಷ್ಯಾ ನಾ ಅಲ್ಲ! ಬೆಳಗಾವಿ ಗಾಡಿ ಶೋರೂಮಿನಾಗ ಹದಿನೈದು ವರ್ಷ ಗಿರಾಕಿಗಳ ಬೈಗುಳ ಕೇಳಿದಾಂವ. ಕಸುಬು ಬದಲು ಮಾಡೂಣು ಅಂತ ಮೊಬೈಲಿನಾಗ ಆರು ವಾರದ ಕೋರ್ಸ್ ಮುಗಿಸಿ, ಸರ್ಟಿಫಿಕೇಟಿಗೆ ಕಟ್ಟು ಹಾಕ್ಸಿ ದೇವರ ಜಗಲಿ ಬಾಜೂಕ ತೂಗಹಾಕಿದ್ದೆ. ಈ ಕಸುಬಿಗೆ ಏನೇನು ಬೇಕಂದ್ರ, ಜನರನ್ನ ಕಣ್ಣಿಟ್ಟು ನೋಡಬೇಕು, ಅವರು ಹೇಳಿದ್ದನ್ನ ಕಿವಿಗೊಟ್ಟು ಕೇಳಬೇಕು, ನಮ್ಮ ಶಾಣ್ಯಾತನ ಬಾಜೂಕ ಇಡಬೇಕು. "ಮೂರನೇದು ನಿಮಗ ಸಸಾರ ಬಿಡ್ರಿ, ಇಡಾಕ ಏನೂ ಇಲ್ಲಲ್ಲ!" ಅಂದ್ಲು ಶೈಲಾ.

ಅಷ್ಟರಾಗ ಖಾನಾಪುರದಿಂದ ಅವ್ವನ ಫೋನ್ ಬಂತು. ತಂಗಿ ಅಶ್ವಿನಿನ್ನ ನೋಡಿ ಒಪ್ಪಿದ ಬೆಳಗಾವಿ ಮಂದಿ ಐತವಾರ ಊಟಕ್ಕ ಬರಾವ್ರಿದ್ರು. ಊಟ ಆದ ಮ್ಯಾಲ ಮದವಿ ಮಾತುಕತಿ.

"ಊಟದ ಜವಾಬ್ದಾರಿ ನಂದು!" ಅಂದೆ.

ಅಶ್ವಿನಿ ಫೋನ್ ಕಸಗೊಂಡ್ಲು. "ಅಣ್ಣಾ, ಈ ಹುಡುಗ ನನ್ನ ಮನಸಿಗೆ ಬಂದಾನ. ನಿನ್ನಿಂದ ಏನರ ಕೆಟ್ಟಿತಂದ್ರ ಜನ್ಮದಾಗ ನಿನ್ನ ಜೋಡಿ ಮಾತಾಡಂಗಿಲ್ಲ!"

ಐತವಾರ ಮುಂಜಾನೆ ಖಾನಾಪುರದ ನಮ್ಮ ಅಡಗಿ ಮನಿ ಗೋಡಿಗೆ ಬಣ್ಣಬಣ್ಣದ ಚೀಟಿ ಅಂಟಿಸಿದೆ. ಚಪ್ಪಲಿ ಎಲ್ಲಿ, ಕೈ ತೊಳಿಯೂದೆಲ್ಲಿ, ಯಾರ ಮುಂದ ಯಾವಾಗ ಏನು ಬರಬೇಕು, ಎಲ್ಲಾ. ಕಡೀ ಚೀಟಿ ದೊಡ್ಡ ಅಕ್ಷರದಾಗ: 'ಒತ್ತಾಯ ನಿಷೇಧಿಸಲಾಗಿದೆ.'

ಅವ್ವ ಗಾಬರಿಯಾದ್ಲು. "ಲೇ, ಮಂದಿ ಸಾಕು ಅಂತಾರ. ಅಂದ್ರೂ ಮೂರು ಸಲ ಕೇಳಬೇಕೋ. ತಾಟಿನ ಮ್ಯಾಲ ಕೈ ಅಡ್ಡ ಹಿಡದ್ರ ಬೆರಳಸಂದ್ಯಾಗ ರೊಟ್ಟಿ ತೂರಿಸಬೇಕು!"

"ಅವ್ವಾ, ಗಿರಾಕಿ ಮಾತಿಗೆ ಕಿಮ್ಮತ್ತು ಕೊಡಬೇಕು. ಸಾಕು ಅಂದ್ರ ಸಾಕು. ಬಡಸಾಂವ ನಾನು."

ಹನ್ನೊಂದು ಮಂದಿ ಬಂದು ಕುಂತ್ರು. ನಡುವ ಹುಡುಗನ ದೊಡ್ಡಪ್ಪ, ಆಳೆತ್ತರದ ಮನಷ್ಯಾ. ಮದಲನೇ ರೊಟ್ಟಿ ಗಪ್ಪನ ಮುಗೀತು.

"ಇನ್ನೊಂದು ರೊಟ್ಟಿ?"

"ಏ, ಸಾಕ್ರಿ ಸಾಕು," ಅಂತ ತಾಟಿಗೆ ಕೈ ಅಡ್ಡ ಹಿಡದ್ರು.

"ಧನ್ಯವಾದ್ರೀ!" ಅಂದು ಮುಂದ ಹೋದೆ. ಅವರ ಕೈ ಹಂಗ ಗಾಳ್ಯಾಗ ಉಳೀತು.

ಶೇಂಗಾ ಹೋಳಿಗಿ ತಂದೆ. ಹನ್ನೊಂದೂ ಮಂದಿ "ಬ್ಯಾಡ್ರಿ" ಅಂದ್ರು. ಧನ್ಯವಾದ ಹೇಳಿ ಡಬ್ಬಿ ಮುಚ್ಚಿದೆ. ದೊಡ್ಡಪ್ಪ ಬೆರಳಿಲೆ ತಾಟಿನ ಎಣ್ಣಿ ಸೈತ ಒರಿಸಿ ನೆಕ್ಕಿದ್ರು. 'ಗಿರಾಕಿಗೆ ಬದನಿಕಾಯಿ ಪಲ್ಯ ಭಾಳ ಸೇರೈತಿ' ಅಂತ ಡೈರ್‍ಯಾಗ ಬರಕೊಂಡೆ. ಒಂದು ಅಗಳು ದಂಡ ಇಲ್ಲ! ಹದಿನೈದು ನಿಮಿಷದಾಗ ಊಟ ಖಲಾಸ್!

ದೊಡ್ಡಪ್ಪ ಎದ್ದು ನಿಂತು, "ಅರ್ಜೆಂಟ್ ಕೆಲಸ ಐತ್ರಿ. ಮಾತುಕತಿ ಮತ್ತೊಮ್ಮೆ ನೋಡೂಣ," ಅಂದ್ರು. ಗಾಡಿ ಹೊಂಟ ಹೋತು.

ಅಶ್ವಿನಿ ಹೋ ಅಂತ ಅಳಾಕತ್ತಿದ್ಲು. ಶೈಲಾ ಹಂಗ ಉಳದ ರೊಟ್ಟಿ ಗುಡ್ಡಿ ತೋರಿಸಿ, ದೊಡ್ಡಪ್ಪ ಮರತು ಹೋದ ಶಲ್ಯ ನನ್ನ ಕೈಗೆ ತುರುಕಿ, "ಓಡ್ರಿ!" ಅಂದ್ಲು.

ಸ್ಕೂಟರ್ ಹಾರಿಸಿದೆ. ಟೇಶನ್ ಬಾಜೂಕ ಅವರ ಗಾಡಿ ನಿಂತಿತ್ತು. ಹನ್ನೊಂದೂ ಮಂದಿ ವಡಾಪಾವ್ ಗಾಡಿಗೆ ಮುಗಿಬಿದ್ದಿದ್ರು! ದೊಡ್ಡಪ್ಪನ ಎರಡೂ ಕೈಯಾಗ ಒಂದೊಂದು!

"ಯಜಮಾನ್ರ... ನೀವ ಸಾಕಂದ್ರಲ್ರೀ?"

"ಮತ್ತ ಬೀಗರ ಮನ್ಯಾಗ 'ಹಾಕ್ರಿ ಹಾಕ್ರಿ' ಅನ್ನಾಕ ಬರತೈತೇನೋ ತಮ್ಮಾ? ಎರಡನೇ ಸಲ ಯಾರೂ ಕೇಳಲಿಲ್ಲ. ಈ ಸಂಬಂಧ ನಿಮಗ ಬ್ಯಾಡಾಗೈತಿ ಅಂತ ತಿಳದ್ವಿ!"

ಶಲ್ಯ ಅವರ ಹೆಗಲ ಮ್ಯಾಲ ಹಾಕಿದೆ. ಅಲ್ಲೇ ರಸ್ತೆದಾಗ ಕೈ ಮುಗದು ಕೋರ್ಸು, ಚೀಟಿ, ಕಟ್ಟು ಹಾಕ್ಸಿದ ಸರ್ಟಿಫಿಕೇಟು, ಎಲ್ಲಾ ಒಪ್ಪಿಕೊಂಡೆ. ದೊಡ್ಡಪ್ಪ ನಗೂ ರಭಸಕ್ಕ ಮೆಣಸಿನಕಾಯಿ ನೆತ್ತಿಗೇರಿ ಹತ್ತು ನಿಮಿಷ ಕೆಮ್ಮಿದ್ರು. ಆಮ್ಯಾಲ ಎಲ್ಲಾರೂ ತಿರುಗಿ ಮನಿಗೆ ಬಂದ್ರು. ಅವ್ವ ಒಬ್ಬೊಬ್ಬರಿಗೆ ನಾಕು ನಾಕು ಸಲ ಕೇಳಿ, ಬೈದು, ಆಣಿ ಹಾಕಿ ಉಣ್ಣಿಸಿದ್ಲು. ಸಂಜೀಕ ಮದವಿ ಗಟ್ಟಿ ಆತು. ಬೀಗರದು ಒಂದ ಷರತ್ತು: ನಾ ಬಡಸೂ ಚಮಚ ಮುಟ್ಟಂಗಿಲ್ಲ.

ಮದವಿ ಬೆಳಗಾವ್ಯಾಗ, ಅವರ ಕಡೆನ. ಪಂಕ್ತ್ಯಾಗ ಹಸದು ಕುಂತಿದ್ದೆ. ಖುದ್ದು ದೊಡ್ಡಪ್ಪನ ಹೋಳಿಗಿ ಪರಾತ ಹಿಡಕೊಂಡು ನನ್ನ ಮುಂದ ಬಂದ್ರು.

"ಹಾಕ್ಲೇನ್ರೀ?"

ಹುಟ್ಟಿದಾಗಿಂದ ಬಂದ ರೂಢಿ ಎಲ್ಲಿ ಹೋಗತೈತಿ? "ಏ, ಸಾಕ್ರಿ!" ಅಂದುಬಿಟ್ಟೆ.

"ಧನ್ಯವಾದ್ರೀ!" ಅಂದು ಮುಂದ ಹೋದ್ರು. ಹಿಂದ ಅನ್ನದಾಂವ ಬಂದ, ಅಂವನೂ ಒಂದ ಸಲ ಕೇಳಿ ಧನ್ಯವಾದ ಹೇಳಿದ. ಸಾರಿನಾಂವನೂ ಹಂಗ. ಇಡೀ ಪಂಕ್ತಿ ಹೊಟ್ಟಿ ಹಿಡಕೊಂಡು ನಗಾಕತ್ತಿತು, ಮದುಮಗಳು ಅಶ್ವಿನಿ ಎಲ್ಲಾರಕಿಂತ ಜೋರು!

ಗಪ್ಪನ ಎದ್ದು ಮದವಿ ಕಾರ್ಯಾಲಯದ ಹೊರಗ ಬಂದೆ. ಎದುರಿಗೆ ಒಂದು ವಡಾಪಾವ್ ಗಾಡಿ ಇತ್ತು.

"ಒಂದು ಹಾಕ್ಲ್ಯಾ ಸಾಹೇಬ್ರ?"

"ನಾಕು ಹಾಕು!" ಅಂದೆ. "ಮತ್ತ ನನ್ನ ಏನೂ ಕೇಳಬ್ಯಾಡ."