ಜರ್ಮನಿಗೆ ಹೋದ ಸ್ಪ್ರಿಂಗು

ಬಾರದ ವಿದ್ಯೆಯನ್ನು ಬರುತ್ತದೆ ಎಂದು ಹೇಳುವುದು ಕಷ್ಟವಲ್ಲ. ಊರಲ್ಲಿ ಯಾರೂ ಪರೀಕ್ಷಿಸಲಾರದ ವಿದ್ಯೆಯನ್ನು ಆರಿಸಿಕೊಳ್ಳಬೇಕು, ಅಷ್ಟೆ. ನಾನು ಜರ್ಮನ್ ಭಾಷೆಯನ್ನು ಆರಿಸಿಕೊಂಡೆ. ಯುದ್ಧ ಮುಗಿದ ಮೇಲೆ ಬಳ್ಳಾರಿ ಕಂಟೋನ್ಮೆಂಟಿನಲ್ಲಿ ಹರಾಜಾದ ಸಾಮಾನಿನಲ್ಲಿ ನನಗೊಂದು ಇಂಗ್ಲಿಷ್-ಜರ್ಮನ್ ನಿಘಂಟು ಸಿಕ್ಕಿತ್ತು. ದಿನಕ್ಕೆ ಐದು ಪದದಂತೆ ಕಲಿತು ದಿನಚರಿಯಲ್ಲಿ ಗುರುತು ಹಾಕುತ್ತಿದ್ದೆ. ಮೊದಲ ಅಕ್ಷರ ಮುಗಿಯುವ ಮುನ್ನವೇ ಕುರುಗೋಡಿನಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿಗೆ ಗುಮಾಸ್ತನಾಗಲು ಅರ್ಜಿ ಹಾಕಿದೆ. ಬಲ್ಲ ಭಾಷೆಗಳು ಎಂಬಲ್ಲಿ ಕನ್ನಡ, ತೆಲುಗು, ಇಂಗ್ಲಿಷ್ ಆದ ಮೇಲೆ ಜರ್ಮನ್ ಎಂದೂ ಬರೆದೆ. ಇಂಗ್ಲಿಷ್ ಬಾರದ ಸಾಹುಕಾರ ಪಂಪಣ್ಣನವರು, ಆರು ತಿಂಗಳು ನೋಡೋಣ ಎಂದು ಇಟ್ಟುಕೊಂಡರು.

ಐದನೇ ತಿಂಗಳ ಹನ್ನೊಂದನೇ ದಿನ ಜಿನ್ನಿನ ಜರ್ಮನ್ ಯಂತ್ರದ ಸ್ಪ್ರಿಂಗು ಮುರಿಯಿತು. "ನಿನ್ನ ಜರ್ಮನ್ ಈಗ ಹೊರಗ ತೆಗಿಯಪ್ಪಾ, ಜರ್ಮನಿ ಕಂಪನಿಗೆ ಕಾಗದ ಬರಿ," ಎಂದರು ಸಾಹುಕಾರರು. "ಸ್ಪ್ರಿಂಗ್ ಬಂದ್ರ ನಿನ್ನ ಕೆಲಸ ಕಾಯಂ. ಬರಲಿಲ್ಲಂದ್ರ ನೀನೂ ಬರಬ್ಯಾಡ."

ನಿಘಂಟು ತೆರೆದರೆ ಸ್ಪ್ರಿಂಗ್ ಎಂಬ ಒಂದು ಇಂಗ್ಲಿಷ್ ಪದಕ್ಕೆ ನಾಲ್ಕು ಜರ್ಮನ್ ಪದ. ಹಿಂದಿನ ಜರ್ಮನ್-ಇಂಗ್ಲಿಷ್ ಭಾಗದಲ್ಲಿ ಒಂದೊಂದನ್ನೇ ತಿರುಗಿಸಿ ನೋಡಿದೆ. ಒಂದು ವಸಂತ ಋತು, ಒಂದು ನೀರಿನ ಬುಗ್ಗೆ, ಒಂದು ನೆಗೆತ. ನಾಲ್ಕನೆಯದು ಫೆಡರ್, ಅದರ ಮುಂದೆ ಗೆದ್ದಲು ತಿಂದು ಉಳಿದ ಅರ್ಥ ಹಕ್ಕಿಯ ಪುಕ್ಕ ಎಂಬುದೊಂದೇ. ಬಳ್ಳಾರಿಯ ಕೌಲ್ ಬಜಾರಿನಿಂದ ಬರುತ್ತಿದ್ದ ಮೆಕ್ಯಾನಿಕ್ ಖಾದರ್ ಸಾಬರನ್ನು ಕೇಳಿದೆ: "ಸಾಬ್ರೇ, ಈ ಮಷೀನಿನಾಗ ಪುಕ್ಕ ಏನರ ಐತೇನ್ರಿ?"

"ಕೋಳಿ ಅಂತ ತಿಳದೀರೇನ್ರಿ? ಇಪ್ಪತ್ತು ವರ್ಷಾತು, ಒಂದು ಮೊಟ್ಟಿನೂ ಇಟ್ಟಿಲ್ಲ."

ಕೊನೆಗೆ ಸರ್ಕಾರಿ ಫಾರಂಗಳನ್ನು ತುಂಬಿದ ಅನುಭವ ಕೈಹಿಡಿಯಿತು. ನಮ್ಮ ಯಂತ್ರದ್ದು ಮುರಿದಿದೆ ಎಂದು ಜರ್ಮನ್ನಿನಲ್ಲಿ ಹೇಗೋ ಜೋಡಿಸಿ, ಕೆಳಗೆ ನಾಲ್ಕೂ ಪದಗಳನ್ನು ನಂಬರು ಹಾಕಿ ಬರೆದು, ಅನ್ವಯಿಸದ್ದನ್ನು ಹೊಡೆದು ಹಾಕತಕ್ಕದ್ದು ಎಂದು ಸೂಚಿಸಿದೆ. ಖಾದರ್ ಸಾಬರು ಮುರಿದ ಸ್ಪ್ರಿಂಗನ್ನು ಬಟ್ಟೆಯಲ್ಲಿ ಸುತ್ತಿ ತಂದರು. "ಇದನ್ನೂ ಕಳಸ್ರಿ. ಬಜಾರಕ್ಕ ಹೋದ್ರ ಹಳೇದು ತೋರಿಸೇ ಹೊಸಾದು ತರ್ತೀವಿ. ಅಂಗಡಿ ಜರ್ಮನಿಯಾಗ ಇದ್ರೇನಾತು?" ನನ್ನ ಭಾಷಾಜ್ಞಾನಕ್ಕೆ ಅವಮಾನವಾಯಿತು. ಆದರೂ ಇಟ್ಟು ಕಳಿಸಿದೆ.

ನಲವತ್ತೊಂದನೇ ದಿನ ಹೊಸ ಸ್ಪ್ರಿಂಗು ಬಂತು. ಜೊತೆಗೆ ನನ್ನ ಹಾಳೆಯೂ ಬಂತು. ವಸಂತ, ಬುಗ್ಗೆ, ನೆಗೆತಗಳನ್ನು ಕೆಂಪು ಶಾಯಿಯಲ್ಲಿ ನೀಟಾಗಿ ಹೊಡೆದು ಹಾಕಿದ್ದರು. ಜರ್ಮನ್ನರಿಗೆ ಪುಕ್ಕವೂ ಫೆಡರ್, ಸ್ಪ್ರಿಂಗೂ ಫೆಡರ್ ಎಂದು ಆಗ ತಿಳಿಯಿತು. ಇನ್ನೊಂದು ಕಾಗದವೂ ಇತ್ತು. ಕಳಿಸಿದ ತುಂಡನ್ನು ನೋಡಿ ಸ್ಪ್ರಿಂಗನ್ನು ಗುರುತಿಸಿದ್ದೇವೆ, ಇನ್ನು ಮುಂದೆ ದಯಮಾಡಿ ಇಂಗ್ಲಿಷಿನಲ್ಲಿ ಬರೆಯಿರಿ ಎಂದಿತ್ತು, ಶುದ್ಧ ಇಂಗ್ಲಿಷಿನಲ್ಲಿ.

"ಓದಪ್ಪಾ," ಎಂದರು ಸಾಹುಕಾರರು. ಓದಿದೆ. ಎಲ್ಲೂ ತಡವರಿಸಲಿಲ್ಲ.

"ಜರ್ಮನ್ ಹೆಂಗ ನೀರು ಕುಡದಂಗ ಓದ್ತಾನ ನೋಡು ಸಾಬ್," ಎಂದು ಹಿಗ್ಗಿದರು. ಖಾದರ್ ಸಾಬರು ನನ್ನ ಮುಖ ನೋಡಿದರು. ನಾನು ಸ್ಪ್ರಿಂಗು ನೋಡಿದೆ. ಕೆಲಸ ಕಾಯಮಾಯಿತು.

ಮರುದಿನ ಸಾಹುಕಾರರು ಕರೆದರು. "ಸಿರುಗುಪ್ಪದ ಬೀಗರ ಅಕ್ಕಿ ಗಿರಣ್ಯಾಗೂ ಜರ್ಮನ್ ಸಾಮಾನು ಕೆಟ್ಟೈತಂತ. ನಮ್ಮ ಹುಡುಗ ಬರೀತಾನ ಅಂತ ಮಾತು ಕೊಟ್ಟೀನಿ."

ನಾನು ಕೇಳಿದ್ದು ಒಂದೇ ಪ್ರಶ್ನೆ: "ಪಾರ್ಸಲ್ಲಿನಾಗ ಹಿಡಸ್ತೈತೇನ್ರಿ?"

"ಬಾಯ್ಲರ್ ಐತಪಾ ಅದು," ಎಂದರು. ಅಂದಿನಿಂದ ದಿನಕ್ಕೆ ಐವತ್ತು ಪದ ಕಲಿಯುತ್ತಿದ್ದೇನೆ.