ತಿರುಚಿದ ದಳದ ಡೇಲಿಲಿ

ದರ್ಜಿ ಮಾಡಿದ ತಪ್ಪು ಇಷ್ಟೇ: ಬೆಳಗ್ಗೆ ಹಿತ್ತಲಲ್ಲಿ ನಿಂತು ಗಟ್ಟಿಯಾಗಿ ಅತ್ತುಬಿಟ್ಟ.

ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಕಾಂಪೌಂಡ್ ಹಾರಿ ಬಂದರು. ಮಹಡಿಮನೆ ಅಕ್ಕ ಒದ್ದೆ ಬಟ್ಟೆ ಹಿಡಿದುಕೊಂಡೇ ಮೆಟ್ಟಿಲಿಳಿದಳು.

"ಏನಾಯ್ತ್ರೀ? ಹಾವು ಕಚ್ತಾ?"

ದರ್ಜಿ ಕುಂಡದ ಕಡೆ ಬೆರಳು ತೋರಿಸಿದ. ಡೇಲಿಲಿ ಗಿಡದಲ್ಲಿ ಒಂದು ಹೂ ಅರಳಿತ್ತು. ದಳಗಳು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡು, ತುದಿಯಲ್ಲಿ ಸುರುಳಿ ಸುತ್ತಿದ್ದವು.

ಇಂಥದೊಂದು ಹೂವಿಗಾಗಿ ಅವನ ಹೆಂಡತಿ ಬದುಕಿದ್ದಷ್ಟು ಕಾಲವೂ ಒದ್ದಾಡಿದ್ದಳು. ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುವಳು, ಬೀಜ ಬಿತ್ತುವಳು, ವರ್ಷಗಟ್ಟಲೆ ಕಾಯುವಳು. ಅರಳಿದ್ದೆಲ್ಲ ಇಸ್ತ್ರಿ ಮಾಡಿದಂತೆ ನೆಟ್ಟಗೆ. "ನಿನ್ ಹೂಗಳು ನನ್ ಅಂಗಡೀಲಿ ಹೊಲಿಸ್ಕೊಂಡು ಬಂದ ಹಾಗಿವೆ ಕಣೇ" ಎಂದು ದರ್ಜಿ ರೇಗಿಸುತ್ತಿದ್ದ. ಕಳೆದ ಚಳಿಗಾಲದಲ್ಲಿ ಅವಳು ಹೋದಳು. ಅವಳು ಬಿತ್ತಿದ ಕೊನೆಯ ಬೀಜದ ಗಿಡ ಇದು, ಅದರ ಮೊದಲ ಹೂ. ಸಂಜೆಗೆ ಮುದುಡಿಹೋಗುವ ಹೂ.

ಅಂಗಡಿ ಮುಚ್ಚಿ ಇವತ್ತು ಅದರ ಪಕ್ಕ ಸುಮ್ಮನೆ ಕೂತಿರುತ್ತೇನೆ ಎಂದ.

"ಕೂರೋದಾ?" ಮೇಷ್ಟ್ರು ನೊರೆ ಉಗುಳಿದರು. "ಪುರಭವನದಲ್ಲಿ ಇವತ್ತು ಹೂವಿನ ಪ್ರದರ್ಶನ ಇದೆ! ಎತ್ರೀ ಕುಂಡ!"

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. "ದಾರಿ ಬಿಡಿ, ರೋಗಿ ಇದಾರೆ!" ಎಂದು ಮೇಷ್ಟ್ರು ಅಬ್ಬರಿಸಿದರು. ಯಾರೋ ಗಾಬರಿಯಿಂದ ಎದ್ದು ಸೀಟು ಬಿಟ್ಟರು. ಅದರಲ್ಲಿ ಮೇಷ್ಟ್ರೇ ಕೂತರು. ಹೂವಿಗೆ ಕಿಟಕಿಯ ಬಿಸಿಲು ತಾಗದಿರಲೆಂದು ಅಕ್ಕ ಕೊಡೆ ಬಿಡಿಸಿದಳು. ಅದರ ಕಡ್ಡಿ ದರ್ಜಿಯ ಕಿವಿಗೆ ಚುಚ್ಚಿತು. ಕುಂಡವನ್ನು ಎದೆಗವಚಿಕೊಂಡು ನಿಂತವನ ಅಂಗಿಯೊಳಗೆ ಅರ್ಧ ಮಣ್ಣು ಸೇರಿತು.

ಪುರಭವನದಲ್ಲಿ ತೀರ್ಪುಗಾರ್ತಿ ಹೂವಿನ ಮುಂದೆ ನಿಂತವರು ನಿಂತೇಬಿಟ್ಟರು.

"ವಿಶೇಷ ಆಕಾರದ ಹೂಗಳು ಬೇಕಾದಷ್ಟು ನೋಡಿದೀನಿ. ಇಂಥದ್ದು ನೋಡಿಲ್ಲ. ಯಾರು ಬೆಳೆಸಿದ್ದು?"

"ನಮ್ಮ ಮನೆಯವಳು," ಎಂದ ದರ್ಜಿ. ಕಣ್ಣು ಮಂಜಾಯಿತು. "ಕೊನೆಗೂ ಗೆದ್ಲು, ಮೇಡಂ."

ತೀರ್ಪುಗಾರ್ತಿ ಕನ್ನಡಕ ಏರಿಸಿ ಬಗ್ಗಿದರು. ದಂಟು ಮುಟ್ಟಿದರು. ಅದೂ ತಿರುಚಿಕೊಂಡಿತ್ತು. ಎಲೆಗಳ ಬುಡ ಹಳದಿಯಾಗಿತ್ತು.

"ಇದರ ಮೇಲೆ ಕಳೆನಾಶಕ ಏನಾದ್ರೂ ಬಿದ್ದಿತ್ತಾ?"

"ನಾನೇ ಹೊಡ್ದೆ!" ಮೇಷ್ಟ್ರು ಎದೆ ಸೆಟೆಸಿದರು. "ಆಯಮ್ಮ ಹೋದ್ಮೇಲೆ ಹಿತ್ತಲು ಕಾಡಾಗಿತ್ತು. ಪಾಪ, ಇವರಿಗೆ ಯಾಕೆ ತೊಂದರೆ ಅಂತ ಹೇಳ್ದೇನೇ ಕ್ಲೀನ್ ಮಾಡ್ಕೊಟ್ಟೆ."

ತೀರ್ಪುಗಾರ್ತಿ ದನಿ ತಗ್ಗಿಸಿದರು. "ಕ್ಷಮಿಸಿ ಯಜಮಾನ್ರೇ. ಈ ಆಕಾರ ಹೂವಿನದಲ್ಲ, ಕಳೆನಾಶಕದ ವಿಷದ್ದು. ಗಿಡ ಉಳಿಯೋದು ಕಷ್ಟ."

ದರ್ಜಿ ಸುರುಳಿ ಸುತ್ತಿದ ದಳವೊಂದನ್ನು ಬೆರಳಿನಿಂದ ನೇರ ಮಾಡಲು ನೋಡಿದ. "ವಿಷ ಬೀಳ್ದೇ ಇದ್ದಿದ್ರೆ ಹೂ ಹೇಗಿರ್ತಿತ್ತು?"

"ಅದು ಇನ್ನು ಯಾರಿಗೂ ಗೊತ್ತಾಗಲ್ಲ."

ವಾಪಸ್ ಬರುವಾಗ ಬಸ್ಸು ಖಾಲಿಯಿತ್ತು. ಹೂ ದರ್ಜಿಯ ತೊಡೆಯ ಮೇಲೆ ಮೆಲ್ಲಗೆ ಮುದುಡುತ್ತಿತ್ತು. ಅಕ್ಕ ಅವನ ಅಂಗಿಯ ಮಣ್ಣು ಕೊಡವಿದಳು. ಮೇಷ್ಟ್ರು ದರ್ಜಿಯ ಪಕ್ಕಕ್ಕೆ ಸರಿದು ಕೂತರು. ಅವನ ಹೆಗಲ ಮೇಲೆ ಕೈಯಿಟ್ಟು, ತುಂಬು ಪ್ರೀತಿಯಿಂದ ಹೇಳಿದರು:

"ಬೇಜಾರ್ ಮಾಡ್ಕೋಬೇಡಿ. ಆಯಮ್ಮನ ಮಿಕ್ಕ ಕುಂಡಗಳಿಗೂ ಹೊಡೆದಿದೀನಲ್ಲ, ಮುಂದಿನ ವಾರ ಎಲ್ಲಾ ಹೀಗೇ ಅರಳ್ತವೆ ನೋಡಿ!"